ಹೊರದೇಶಕ್ಕೆ ಹೋಗುವ ಟಿಬೆಟಿಯನ್ ಕುಟುಂಬಗಳಿಗೆ ಪ್ರತಿನಿಧಿ ಕಚೇರಿಯ ನೆರವು: ಹೆಜ್ಜೆ ಹೆಜ್ಜೆಯಾಗಿ

ಕುಶಾಲನಗರದಲ್ಲಿ ಕಾವೇರಿ ದಾಟಿ ಮೈಸೂರಿನ ಕಡೆ ಸ್ವಲ್ಪ ದೂರ ಬಂದರೆ ಕೊಪ್ಪದ ಬಳಿ ಬಲಕ್ಕೆ ತಿರುಗುವ ರಸ್ತೆ ಬೈಲಕುಪ್ಪೆಯ ಟಿಬೆಟಿಯನ್ ವಸತಿಗಳಿಗೆ ಹೋಗುತ್ತದೆ. ನಮ್ಮ ಭಾಗದವರು ಅವನ್ನು ಇಂದಿಗೂ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಅಲ್ಲಿನ ಎಷ್ಟೋ ಮನೆಗಳಲ್ಲಿ ಈಗ ಅಜ್ಜ ಅಜ್ಜಿಯರಷ್ಟೇ ಉಳಿದಿದ್ದಾರೆ. ಮಕ್ಕಳು ಟೊರಾಂಟೊ, ನ್ಯೂಯಾರ್ಕ್, ಪ್ಯಾರಿಸ್, ಜ್ಯೂರಿಕ್ ಎಂದು ಚದುರಿಹೋಗಿದ್ದಾರೆ. ಇಪ್ಪತ್ತು ವರ್ಷಗಳಿಂದ ಈ ಭಾಗದಲ್ಲಿ ಅರ್ಜಿ ಮತ್ತು ಅಫಿಡವಿಟ್ ಬರೆದುಕೊಡುವ ಕೆಲಸ ಮಾಡಿಕೊಂಡು ಬಂದಿರುವ ನನ್ನನ್ನು ಈ ಕುಟುಂಬಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ: ಹೊರದೇಶದಲ್ಲಿ ನಮಗೆ ಕಷ್ಟ ಬಂದರೆ ನಮ್ಮ ಕಚೇರಿ ಏನು ಮಾಡಬಲ್ಲದು? ಕನ್ನಡದಲ್ಲೇ ಓದು ಬರಹ ಕಲಿತ ಕ್ಯಾಂಪಿನ ಯುವಕರಿಗೂ, ಅವರ ಕಾಗದಪತ್ರಗಳಿಗೆ ನೆರವಾಗುವ ಕನ್ನಡದ ಮೇಷ್ಟ್ರು, ವಕೀಲರು, ನೆರೆಹೊರೆಯವರಿಗೂ, ಪರದೇಶದಲ್ಲಿ ಟಿಬೆಟಿಯನ್ ಸಹೋದ್ಯೋಗಿಗಳಿರುವ ಕನ್ನಡಿಗರಿಗೂ ಉಪಯೋಗವಾಗಲೆಂದು ಉತ್ತರವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಮೊದಲಿಗೇ ಒಂದು ಮಾತು ಸ್ಪಷ್ಟವಾಗಿರಲಿ. ನಿರ್ವಾಸಿತ ಟಿಬೆಟಿಯನ್ ಆಡಳಿತದ ಪರವಾಗಿ ಹೊರದೇಶಗಳಲ್ಲಿ ಕೆಲಸ ಮಾಡುವ ಪ್ರತಿನಿಧಿ ಕಚೇರಿ ವೀಸಾ ಕೊಡುವುದಿಲ್ಲ, ಪಾಸ್‌ಪೋರ್ಟ್ ಕೊಡುವುದಿಲ್ಲ, ಯಾವ ದೇಶದ ಪೌರತ್ವವನ್ನೂ ಕೊಡಿಸಲಾರದು. ಅದು ಕೊಡಬಲ್ಲದ್ದು ‘ಇವರು ನಮ್ಮವರು, ಇವರನ್ನು ನಾವು ಬಲ್ಲೆವು’ ಎಂಬ ಲಿಖಿತ ಸಾಕ್ಷ್ಯ. ತನ್ನದೆನ್ನುವ ದೇಶದ ಮುದ್ರೆಯಿಲ್ಲದ ಮನುಷ್ಯನಿಗೆ ಆ ಸಾಕ್ಷ್ಯದ ಬೆಲೆ ಬಹಳ ದೊಡ್ಡದು. ಆದರೆ ಸಾಕ್ಷಿ ಹೇಳುವವರಿಗೆ ನಿಮ್ಮ ಪರಿಚಯ ಮೊದಲೇ ಇರಬೇಕಾಗುತ್ತದೆ. ಕಚೇರಿಯ ದಫ್ತರದಲ್ಲಿ ಹೆಸರು ಚಾಲ್ತಿಯಲ್ಲಿಟ್ಟುಕೊಂಡವರ ಕೆಲಸ ಆಗುತ್ತದೆ. ಹತ್ತು ವರ್ಷ ಸುದ್ದಿಯಿಲ್ಲದೆ ಇದ್ದು ಆಪತ್ತು ಬಂದ ದಿನ ಬಾಗಿಲು ತಟ್ಟಿದವರು ಪರದಾಡುತ್ತಾರೆ. ಮುಂದೆ ಬರೆದಿರುವ ಎಲ್ಲ ಹೆಜ್ಜೆಗಳ ಬೇರು ಇಷ್ಟರಲ್ಲಿದೆ.

ಹೆಜ್ಜೆ 1: ಕಚೇರಿ ಯಾರದ್ದು ಎಂಬುದನ್ನು ತಿಳಿದುಕೊಳ್ಳಿ

1959ರ ಮಾರ್ಚ್‌ನಲ್ಲಿ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದ ದಲೈ ಲಾಮಾ ಅದೇ ವರ್ಷ ಏಪ್ರಿಲ್ 29ರಂದು ಮಸ್ಸೂರಿಯಲ್ಲಿ ನಿರ್ವಾಸಿತ ಆಡಳಿತವನ್ನು ಸ್ಥಾಪಿಸಿದರು. 1960ರ ಮೇ ತಿಂಗಳಲ್ಲಿ ಅದು ಹಿಮಾಚಲ ಪ್ರದೇಶದ ಧರ್ಮಶಾಲೆ ಎಂಬ ಊರಿಗೆ ಸ್ಥಳಾಂತರವಾಯಿತು. ಇಂದು ಕೇಂದ್ರೀಯ ಟಿಬೆಟಿಯನ್ ಆಡಳಿತ ಎಂದು ಕರೆಯುವುದು ಇದನ್ನೇ. ಇದರ ಮುಖ್ಯಸ್ಥರನ್ನು ‘ಸಿಕ್ಯೊಂಗ್’ ಎನ್ನುತ್ತಾರೆ. ಜಗತ್ತಿನ ಬೇರೆ ಬೇರೆ ದೇಶಗಳಲ್ಲಿರುವ ಟಿಬೆಟಿಯನ್ನರೇ ಮತ ಹಾಕಿ ಅವರನ್ನು ಆರಿಸುತ್ತಾರೆ. 2021ರಲ್ಲಿ ಈ ಸ್ಥಾನಕ್ಕೆ ಬಂದ ಪೆನ್ಪಾ ತ್ಸೆರಿಂಗ್ ನಮ್ಮ ಬೈಲಕುಪ್ಪೆಯಲ್ಲೇ 1967ರಲ್ಲಿ ಹುಟ್ಟಿ ಇಲ್ಲಿಯೇ ಶಾಲೆ ಕಲಿತವರು, ಮತ್ತು ಸಿಕ್ಯೊಂಗ್ ಆಗುವ ಮುನ್ನ ವಾಷಿಂಗ್ಟನ್ ಕಚೇರಿಯ ಪ್ರತಿನಿಧಿಯಾಗಿದ್ದವರು ಎಂಬುದನ್ನು ಈ ಭಾಗದವನಾದ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ಈ ಆಡಳಿತದ ಪರವಾಗಿ ಹೊರದೇಶಗಳಲ್ಲಿ ಕೆಲಸ ಮಾಡುವ ಕಚೇರಿಗಳ ಪೈಕಿ ಜಿನೀವಾ ಮತ್ತು ನ್ಯೂಯಾರ್ಕಿನವು 1964ರಲ್ಲೇ ಆರಂಭವಾದವು. ನ್ಯೂಯಾರ್ಕಿನ ಕಚೇರಿ ನಂತರ ವಾಷಿಂಗ್ಟನ್‌ಗೆ ಸೇರಿತು. ಟೋಕಿಯೊ, ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಕ್ಯಾನ್‌ಬೆರಾ, ತೈಪೆ, ಪ್ರಿಟೋರಿಯಾ ಮೊದಲಾದ ಕಡೆಗಳಲ್ಲಿಯೂ ಕಚೇರಿಗಳಿವೆ. ಪ್ರತಿನಿಧಿಯನ್ನು ಟಿಬೆಟಿಯನ್ ಭಾಷೆಯಲ್ಲಿ ‘ದೊನ್‌ಚೊ’ ಎನ್ನುತ್ತಾರೆ. ಯಾವ ದೇಶವೂ ಈ ಆಡಳಿತವನ್ನು ಸರ್ಕಾರವೆಂದು ಮಾನ್ಯ ಮಾಡದ ಕಾರಣ ಇವು ರಾಯಭಾರ ಕಚೇರಿಗಳಲ್ಲ. ಆಯಾ ದೇಶದ ಕಾನೂನು ಎಲ್ಲಿ ಹೇಗೆ ಅವಕಾಶ ಕೊಟ್ಟಿದೆಯೋ ಹಾಗೆ ನೋಂದಣಿಯಾಗಿವೆ. ಆದ್ದರಿಂದಲೇ ಒಂದೊಂದು ಊರಿನಲ್ಲಿ ಒಂದೊಂದು ಹೆಸರು: ಕ್ಯಾನ್‌ಬೆರಾದಲ್ಲಿ ‘ಟಿಬೆಟ್ ಮಾಹಿತಿ ಕಚೇರಿ’, ಟೋಕಿಯೊದಲ್ಲಿ ‘ಸಂಪರ್ಕ ಕಚೇರಿ’, ಬ್ರಸೆಲ್ಸ್ ಮತ್ತು ಪ್ಯಾರಿಸ್‌ನಲ್ಲಿ ‘ಬ್ಯೂರೋ’, ತೈಪೆಯಲ್ಲಿ ಒಂದು ಧಾರ್ಮಿಕ ಪ್ರತಿಷ್ಠಾನ. ವಾಷಿಂಗ್ಟನ್ ಕಚೇರಿ ಅಮೆರಿಕದ ವಿದೇಶಿ ಪ್ರತಿನಿಧಿಗಳ ನೋಂದಣಿ ಕಾಯ್ದೆಯ ಅಡಿಯಲ್ಲಿದೆ. ಹೆಸರು ಬೇರೆಯಾದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ.

ಹೆಜ್ಜೆ 2: ಊರು ಬಿಡುವ ಮುನ್ನ ಎಲ್ಲ ಕಾಗದದಲ್ಲೂ ಹೆಸರು ಒಂದೇ ಇರಲಿ

ಹೊರದೇಶದಲ್ಲಿ ಎದುರಾಗುವ ತೊಂದರೆಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಇಲ್ಲಿಯೇ, ನಮ್ಮ ಶಾಲೆ ಮತ್ತು ಕಚೇರಿಗಳ ಮೇಜಿನ ಮೇಲೆ. ಟಿಬೆಟಿಯನ್ನರಲ್ಲಿ ನಮ್ಮಲ್ಲಿರುವಂತೆ ಮನೆತನದ ಹೆಸರೋ ಇನಿಷಿಯಲ್ಲೋ ಸಾಮಾನ್ಯವಾಗಿ ಇರುವುದಿಲ್ಲ. ತಂದೆಯ ಹೆಸರಿಗೂ ಮಗನ ಹೆಸರಿಗೂ ಸಂಬಂಧವಿರಬೇಕೆಂದಿಲ್ಲ. ಹದಿನಾಲ್ಕನೆಯ ದಲೈ ಲಾಮಾ ತೆಂಜಿನ್ ಗ್ಯಾತ್ಸೊ ಅವರಿಂದ ಹೆಸರು ಪಡೆದ ಮಕ್ಕಳೆಲ್ಲರೂ ‘ತೆಂಜಿನ್’ ಆಗಿರುವುದರಿಂದ ಒಂದೇ ತರಗತಿಯಲ್ಲಿ ಹತ್ತು ಹನ್ನೆರಡು ತೆಂಜಿನ್‌ಗಳು ಸಿಗುತ್ತಾರೆ. ಇನ್ನು ಹಿರಿಯರಲ್ಲಿ ಹಲವರಿಗೆ ಹುಟ್ಟಿದ ವರ್ಷ ಗೊತ್ತು, ತಾರೀಖು ಗೊತ್ತಿಲ್ಲ.

ಒಮ್ಮೆ ಹಳೆಯ ಕ್ಯಾಂಪಿನ ಆಮಾ-ಲಾ ಒಬ್ಬರು ಮಗಳ ಮೂರು ದಾಖಲೆಗಳನ್ನು ಬಟ್ಟೆಯ ಚೀಲದಿಂದ ತೆಗೆದು ನನ್ನ ಮೇಜಿನ ಮೇಲೆ ಒಂದರ ಪಕ್ಕ ಒಂದು ಜೋಡಿಸಿದರು. (ಆಮಾ-ಲಾ ಎಂದರೆ ನಮ್ಮ ‘ಅಮ್ಮನವರು’ ಇದ್ದ ಹಾಗೆ, ಕೊನೆಯ ‘ಲಾ’ ಗೌರವಕ್ಕೆ ಸೇರಿಸುವುದು.) ಶಾಲೆಯ ಟಿಸಿಯಲ್ಲಿ ಹುಡುಗಿಗೆ ಎರಡು ಪದದ ಹೆಸರಿತ್ತು. ಭಾರತ ಸರ್ಕಾರ ಟಿಬೆಟಿಯನ್ನರಿಗೆ ಕೊಡುವ ನೋಂದಣಿ ಪತ್ರದಲ್ಲಿ ‘ತೆಂಜಿನ್’ ಮಾತ್ರ ಉಳಿದು ಎರಡನೆಯ ಪದ ಬಿಟ್ಟುಹೋಗಿತ್ತು. ಆಸ್ಪತ್ರೆಯ ಜನನ ದಾಖಲೆಯಲ್ಲಿ ಎರಡೂ ಪದಗಳಿದ್ದವು, ಆದರೆ ಇಂಗ್ಲಿಷಿನಲ್ಲಿ ‘ತೆಂಜಿನ್’ ಕೊನೆಗೆ ಒಂದು ‘ಜಿ’ ಅಕ್ಷರ ಹೆಚ್ಚಾಗಿ ಸೇರಿಕೊಂಡಿತ್ತು.

“ಅಣ್ಣಾ, ಈ ಮೂರೂ ನನ್ನ ಮಗಳೇ ಅಂತ ಬರ್ಕೊಡಿ,” ಎಂದರು ಅವರು.

“ಬರ್ಕೊಡ್ತೀನಮ್ಮಾ. ಆದ್ರೆ ನಾನೊಬ್ಬ ಬರೆದ್ರೆ ಸಾಲದು, ನಿಮ್ಮ ಆಫೀಸಿನದೂ ಒಂದು ಕಾಗದ ಬೇಕಾಗುತ್ತೆ,” ಎಂದೆ.

ಹಾಗೆಯೇ ಆಯಿತು. ಮೂರೂ ಹೆಸರುಗಳು ಒಬ್ಬಳವೇ ಎಂಬ ಅಫಿಡವಿಟ್ಟನ್ನು ನೋಟರಿಯಿಂದ ಮಾಡಿಸಿ, ಅದರ ಜೊತೆಗೆ ವಸತಿಯ ಸೆಟ್ಲ್‌ಮೆಂಟ್ ಆಫೀಸರ ಕಚೇರಿಯಿಂದ ದೃಢೀಕರಣ ಪಡೆದು, ಮೊದಲು ನೋಂದಣಿ ಪತ್ರವನ್ನೇ ತಿದ್ದಿಸಿಕೊಂಡರು. ಅನಂತರವೇ ಮುಂದಿನ ಅರ್ಜಿ ಹಾಕಿದರು. ನಾಲ್ಕೈದು ತಿಂಗಳು ತಡವಾಯಿತು. ಇದನ್ನು ಇಲ್ಲಿ ಮಾಡಿಸದೆ ಹೋಗಿದ್ದರೆ ಅಮೆರಿಕದಂಥ ದೇಶದಲ್ಲಿ ಒಂದೇ ಪದದ ಹೆಸರಿನವರಿಗೆ ಆಗುವಂತೆ ಆಕೆಯ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ತಿಳಿದಿಲ್ಲ’ ಎಂಬ ಅರ್ಥದ ಮೂರಕ್ಷರ ಕೂತುಬಿಡುತ್ತಿತ್ತು, ಮತ್ತು ಬ್ಯಾಂಕು, ಕಾಲೇಜು, ಡ್ರೈವಿಂಗ್ ಲೈಸೆನ್ಸು ಎಲ್ಲಕ್ಕೂ ಅದೇ ಮುಂದುವರಿಯುತ್ತಿತ್ತು. ಆದ್ದರಿಂದ ಪ್ರಯಾಣದ ಮಾತು ಶುರುವಾದ ದಿನವೇ ಎಲ್ಲ ದಾಖಲೆಗಳನ್ನೂ ಹೀಗೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಕರ್ನಾಟಕದ ಐದು ವಸತಿಗಳಿಗೂ, ಎಂದರೆ ಬೈಲಕುಪ್ಪೆಯ ಎರಡು, ಮುಂಡಗೋಡ, ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದಾಚೆಯ ಒಡೆಯರಪಾಳ್ಯಕ್ಕೆ, ತಮ್ಮದೇ ಸೆಟ್ಲ್‌ಮೆಂಟ್ ಕಚೇರಿಗಳಿವೆ. ಅವುಗಳ ಮೇಲೆ ಬೆಂಗಳೂರಿನಲ್ಲಿ ದಕ್ಷಿಣ ವಲಯದ ಮುಖ್ಯ ಪ್ರತಿನಿಧಿ ಕಚೇರಿಯಿದೆ. ನೆರವಿನ ಸರಪಳಿ ಹೊರದೇಶದಲ್ಲಲ್ಲ, ಇಲ್ಲಿಂದಲೇ ಆರಂಭವಾಗುತ್ತದೆ.

ಹೆಜ್ಜೆ 3: ಹಸಿರು ಪುಸ್ತಕವನ್ನು ಚಾಲ್ತಿಯಲ್ಲಿಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹೆಜ್ಜೆಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ. ‘ಗ್ರೀನ್ ಬುಕ್’ ಎಂದು ಎಲ್ಲರೂ ಕರೆಯುವ ಈ ಕಿರುಪುಸ್ತಕವನ್ನು ಧರ್ಮಶಾಲೆಯ ಹಣಕಾಸು ಇಲಾಖೆ ಕೊಡುತ್ತದೆ. ಹಸಿರು ರಟ್ಟು, ಒಳಗೆ ಭಾವಚಿತ್ರ, ಹೆಸರು, ಹುಟ್ಟೂರು, ಅದರ ಮುಂದಿನ ಪುಟಗಳಲ್ಲಿ ವರ್ಷವರ್ಷದ ಸಂದಾಯದ ದಾಖಲೆ. ಆ ಸಂದಾಯಕ್ಕೆ ‘ಛಾಟ್ರೆಲ್’ ಎಂದು ಹೆಸರು. 1972ರಲ್ಲಿ ಆರಂಭವಾದ ಈ ವಂತಿಗೆಯನ್ನು ಆರು ವರ್ಷ ದಾಟಿದ ಪ್ರತಿಯೊಬ್ಬರೂ ಕೊಡುವುದು ರೂಢಿ. ಭಾರತದಲ್ಲಿರುವವರಿಗೆ ಮೊತ್ತ ಬಹಳ ಸಣ್ಣದು, ಹೊರದೇಶದಲ್ಲಿರುವವರಿಗೆ ಸ್ವಲ್ಪ ಹೆಚ್ಚು. ವಂತಿಗೆ ಕೊಡದವರನ್ನು ಯಾರೂ ಕೋರ್ಟಿಗೆ ಎಳೆಯುವುದಿಲ್ಲ, ಏಕೆಂದರೆ ಹಾಗೆ ಎಳೆಯುವ ಅಧಿಕಾರವೇ ಈ ಆಡಳಿತಕ್ಕಿಲ್ಲ. ಒತ್ತಾಯವಿಲ್ಲದೆ ಅರ್ಧ ಶತಮಾನಕ್ಕೂ ಮೀರಿ ಒಂದು ಜನಸಮುದಾಯ ತನ್ನ ಆಡಳಿತಕ್ಕೆ ತಾನೇ ಕಂದಾಯ ಕಟ್ಟಿಕೊಂಡು ಬಂದಿರುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ಪುಸ್ತಕ ಪ್ರಯಾಣದ ದಾಖಲೆಯಲ್ಲ, ವಿಮಾನ ನಿಲ್ದಾಣದಲ್ಲಿ ಇದನ್ನು ತೋರಿಸಿ ಪ್ರಯೋಜನವಿಲ್ಲ. ಆದರೆ ಟಿಬೆಟಿಯನ್ ಸಂಸ್ಥೆಗಳ ಶಾಲಾ ಪ್ರವೇಶ, ವಿದ್ಯಾರ್ಥಿವೇತನ, ಆಡಳಿತದಲ್ಲಿ ನೌಕರಿ, ಚುನಾವಣೆಯಲ್ಲಿ ಮತ, ಇವೆಲ್ಲಕ್ಕೂ ಇದೇ ಆಧಾರ. ಆಶ್ರಯ ಕೋರುವ ಪ್ರಕರಣಗಳಲ್ಲಿಯೂ ಅರ್ಜಿದಾರರು ತಾವು ಟಿಬೆಟ್ ಮೂಲದವರೆಂದು ತೋರಿಸಲು ಹಾಜರುಪಡಿಸುವ ಪುರಾವೆಗಳಲ್ಲಿ ಇದೂ ಒಂದು. ಹೊರದೇಶದ ಪ್ರತಿನಿಧಿ ಕಚೇರಿಗೆ ನೀವು ಪತ್ರ ಕೇಳಿದಾಗ ಅಲ್ಲಿನ ಸಿಬ್ಬಂದಿ ಮೊದಲು ಕೇಳುವುದು ಪುಸ್ತಕದ ಸಂಖ್ಯೆಯನ್ನು, ಅದರ ಬೆನ್ನಿಗೇ ನೋಡುವುದು ಛಾಟ್ರೆಲ್ ಎಲ್ಲಿಯವರೆಗೆ ಸಂದಾಯವಾಗಿದೆ ಎಂಬುದನ್ನು.

ಆದ್ದರಿಂದ ಹೊರಡುವ ಮುನ್ನ ಬಾಕಿಯನ್ನೆಲ್ಲ ತೀರಿಸಿ. ಎಲ್ಲ ಪುಟಗಳನ್ನೂ ಸ್ಕ್ಯಾನ್ ಮಾಡಿ ಒಂದು ಪ್ರತಿಯನ್ನು ಊರಿನಲ್ಲಿ ಮನೆಯವರ ಬಳಿ, ಇನ್ನೊಂದನ್ನು ನಿಮ್ಮ ಇಮೇಲ್‌ನಲ್ಲಿ ಇಡಿ. ಹೊರದೇಶ ತಲುಪಿದ ಮೇಲೆ ಅಲ್ಲಿನ ವಂತಿಗೆ ಸಂಗ್ರಹಿಸುವ ಸ್ಥಳೀಯ ಸಮಿತಿಗೋ ಸಂಘಕ್ಕೋ ಹೆಸರು ಕೊಟ್ಟು ಅಲ್ಲಿಂದಲೇ ಸಂದಾಯ ಮುಂದುವರಿಸಿ. ಅಲ್ಲಿ ಹುಟ್ಟಿದ ಮಗುವಿಗೆ ಹೊಸ ಪುಸ್ತಕ ಮಾಡಿಸುವುದನ್ನು ಮುಂದೂಡಬೇಡಿ. ಜನನ ಪ್ರಮಾಣಪತ್ರ ಮತ್ತು ತಂದೆತಾಯಿಯ ಪುಸ್ತಕಗಳ ಪ್ರತಿಗಳೊಂದಿಗೆ ಅರ್ಜಿ ಪ್ರತಿನಿಧಿ ಕಚೇರಿಯ ಮೂಲಕ ಧರ್ಮಶಾಲೆಗೆ ಹೋಗುತ್ತದೆ. ಅಮೆರಿಕದ ಪಾಸ್‌ಪೋರ್ಟ್ ಹುಟ್ಟುತ್ತಲೇ ಸಿಕ್ಕ ಮಗುವಿಗೆ ಇದೇಕೆ ಎಂದು ಕೇಳುವ ತರುಣ ತಂದೆಯರಿದ್ದಾರೆ. ಆ ಮಗು ಇಪ್ಪತ್ತರ ವಯಸ್ಸಿನಲ್ಲಿ ತನ್ನ ಅಜ್ಜನ ಊರು ಯಾವುದೆಂದು ಹುಡುಕುವ ದಿನ ಅದಕ್ಕೆ ಮೊದಲು ಸಿಗುವ ಉತ್ತರ ಈ ಪುಸ್ತಕದಲ್ಲಿ ಇರುತ್ತದೆ.

ಹೆಜ್ಜೆ 4: ಯಾವ ಕಾಗದ ಯಾರು ಕೊಡುವುದು ಎಂಬ ಗೊಂದಲ ಬೇಡ

ಭಾರತದಲ್ಲಿರುವ ಟಿಬೆಟಿಯನ್ನರ ನೋಂದಣಿ ಪತ್ರ, ಅಂದರೆ ‘ಆರ್‌ಸಿ’, ಭಾರತ ಸರ್ಕಾರದ ವಿದೇಶಿಯರ ನೋಂದಣಿ ವ್ಯವಸ್ಥೆಯಿಂದ ಬರುತ್ತದೆ. ಜಿಲ್ಲೆಗಳಲ್ಲಿ ಅದರ ಹೊಣೆ ಎಸ್‌ಪಿ ಕಚೇರಿಯದು. ಪಾಸ್‌ಪೋರ್ಟಿನ ಬದಲು ಬಳಸುವ ಹಳದಿ ರಟ್ಟಿನ ‘ಐಸಿ’ಯನ್ನು, ಎಂದರೆ ಗುರುತಿನ ಪ್ರಮಾಣಪತ್ರವನ್ನು, ಕೊಡುವುದು ಭಾರತದ ವಿದೇಶಾಂಗ ಸಚಿವಾಲಯ. ಟಿಬೆಟಿಯನ್ ಆಡಳಿತದ ದೆಹಲಿ ಬ್ಯೂರೋ ಆ ಅರ್ಜಿಗಳಿಗೆ ಶಿಫಾರಸು ಮಾಡುತ್ತದೆ, ಅಷ್ಟೇ. ಐಸಿ ಹಿಡಿದು ಹೊರಡುವವರು ಹೊರಹೋಗುವ ಅನುಮತಿಯನ್ನೂ ಭಾರತಕ್ಕೆ ಮರಳುವ ವೀಸಾವನ್ನೂ ಮುಂಚಿತವಾಗಿ ಪಡೆಯಬೇಕು. ಇದನ್ನು ಮರೆತು ಬೆಂಗಳೂರಿನ ವಿಮಾನ ನಿಲ್ದಾಣದಿಂದ ವಾಪಸಾದವರನ್ನು ನಾನು ಕಂಡಿದ್ದೇನೆ. ಹೊರದೇಶದಲ್ಲಿ ಐಸಿ ಕಳೆದುಹೋದರೆ ಮೊದಲು ಅಲ್ಲಿನ ಪೊಲೀಸರಿಗೆ ದೂರು, ಅನಂತರ ಭಾರತದ ರಾಯಭಾರ ಕಚೇರಿ. ಟಿಬೆಟಿಯನ್ ಪ್ರತಿನಿಧಿ ಕಚೇರಿ ಬೆಂಬಲದ ಪತ್ರ ಕೊಡಬಲ್ಲದು, ಹೊಸ ಐಸಿ ಕೊಡಲಾರದು.

ಭಾರತದ ಪೌರತ್ವದ ವಿಷಯ ಬೇರೆಯೇ ದಾರಿ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದವರು ಕಾಯ್ದೆಯ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಇದನ್ನು ಟಿಬೆಟಿಯನ್ನರಿಗೂ ಅನ್ವಯಿಸಿ ದೆಹಲಿ ಹೈಕೋರ್ಟ್ 2010ರಲ್ಲಿಯೂ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿಯೂ ತೀರ್ಪು ಕೊಟ್ಟಿವೆ. ಭಾರತದ ಪಾಸ್‌ಪೋರ್ಟ್ ಪಡೆದವರ ಪ್ರಯಾಣ ದಾಖಲೆಗಳ ಸಂಗತಿಯೆಲ್ಲ ಭಾರತದ ರಾಯಭಾರ ಕಚೇರಿಗೆ ಸೇರುತ್ತದೆ. ಈ ಆಯ್ಕೆ ಮಾಡುವವರು ವಸತಿಯಲ್ಲಿನ ಮನೆ, ಜಮೀನು ಮತ್ತು ಸೌಲಭ್ಯಗಳ ಮೇಲೆ ಅದರ ಪರಿಣಾಮವೇನೆಂದು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ಹೆಜ್ಜೆ 5: ತಲುಪಿದ ಮೇಲೆ ಮೊದಲು ಸಂಘ, ಅನಂತರ ಕಚೇರಿ

2009ರ ಜನಗಣತಿಯ ಪ್ರಕಾರ ಟಿಬೆಟಿನ ಹೊರಗೆ 1,27,935 ಟಿಬೆಟಿಯನ್ನರಿದ್ದರು. ಅವರಲ್ಲಿ 94,203 ಮಂದಿ ಭಾರತದಲ್ಲಿಯೂ 18,920 ಮಂದಿ ಭಾರತ, ನೇಪಾಳ, ಭೂತಾನ್‌ಗಳಾಚೆಗೂ ಇದ್ದರು. ಆ ಬಳಿಕ ದಕ್ಷಿಣ ಏಷ್ಯಾ ಬಿಟ್ಟು ಹೊರಟವರ ಸಂಖ್ಯೆ ಬೆಳೆಯುತ್ತಲೇ ಬಂದಿದೆ. ಸ್ವಿಟ್ಜರ್‌ಲೆಂಡ್ 1963ರಲ್ಲಿ ಒಂದು ಸಾವಿರ ಮಂದಿಗೆ ಆಶ್ರಯ ನೀಡಲು ಒಪ್ಪಿತು. ಅವರಲ್ಲಿ ಕೆಲವರು ರಿಕಾನ್ ಎಂಬ ಊರಿನ ಪಾತ್ರೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದರಿಂದ ಅಲ್ಲೊಂದು ಮಠವೇ ಎದ್ದಿತು. ಕೆನಡಾ 1971ರಲ್ಲಿ ಬಾಗಿಲು ತೆರೆಯಿತು. ಅಮೆರಿಕ 1990ರ ವಲಸೆ ಕಾಯ್ದೆಯಲ್ಲಿ ಭಾರತ ಮತ್ತು ನೇಪಾಳದಲ್ಲಿದ್ದ ಟಿಬೆಟಿಯನ್ನರಿಗೆಂದೇ ಒಂದು ಸಾವಿರ ವೀಸಾ ಮೀಸಲಿಟ್ಟಿತು. ಅರುಣಾಚಲದಿಂದ ಸಾವಿರ ಮಂದಿಯನ್ನು ಕರೆಸಿಕೊಂಡ ಕೆನಡಾದ ಯೋಜನೆ ಈಚಿನದು. ಇಷ್ಟೆಲ್ಲ ಜನಕ್ಕೆ ಇರುವ ಕಚೇರಿಗಳು ಬೆರಳೆಣಿಕೆಯವು. ಒಂದೊಂದು ಕಚೇರಿಯೂ ಹಲವು ದೇಶಗಳನ್ನು ನೋಡಿಕೊಳ್ಳಬೇಕು. ಟೊರಾಂಟೊದವರಿಗೂ ವಾಷಿಂಗ್ಟನ್ ಕಚೇರಿಯೇ ಗತಿ. ಹೀಗಾಗಿ ದಿನನಿತ್ಯದ ನೆರವು ಸ್ಥಳೀಯ ಟಿಬೆಟಿಯನ್ ಸಂಘದಿಂದ ಬರುತ್ತದೆ.

ಸಂಘ ಬೇರೆ, ಕಚೇರಿ ಬೇರೆ ಎಂಬುದನ್ನು ಹೊಸಬರು ಗಮನಿಸಬೇಕು. ಸಂಘವನ್ನು ಅಲ್ಲಿನ ಸದಸ್ಯರು ಚುನಾಯಿಸುತ್ತಾರೆ. ಪ್ರತಿನಿಧಿಯನ್ನು ಧರ್ಮಶಾಲೆ ನೇಮಿಸುತ್ತದೆ. ಇವೆರಡರ ಜೊತೆಗೆ ಒಂದೇ ಪ್ರಾಂತ್ಯದವರು ಅಥವಾ ಒಂದೇ ಕ್ಯಾಂಪಿನವರು ಕಟ್ಟಿಕೊಳ್ಳುವ ‘ಕ್ಯಿದುಗ್’ ಎಂಬ ಕೂಟಗಳಿರುತ್ತವೆ. ಕ್ಯಿ ಎಂದರೆ ಸುಖ, ದುಗ್ ಎಂದರೆ ದುಃಖ. ನಾವು ‘ಸುಖದುಃಖಕ್ಕೆ ಆಗುವವರು’ ಎನ್ನುತ್ತೇವಲ್ಲ, ಅದೇ ಮಾತು ಅಲ್ಲಿ ಸಂಸ್ಥೆಯ ಹೆಸರಾಗಿದೆ. ಬಾಡಿಗೆ ಮನೆಗೆ ಪರಿಚಯ ಬೇಕಾದಾಗ, ಹೆರಿಗೆಗೆ ಸಹಾಯ ಬೇಕಾದಾಗ, ಕೆಲಸ ಹೋದಾಗ ಮೊದಲು ಓಡಿಬರುವವರು ಇವರೇ. ಯಾರಾದರೂ ತೀರಿಕೊಂಡರೆ ನಲವತ್ತೊಂಬತ್ತು ದಿನಗಳ ಪ್ರಾರ್ಥನೆಯ ವ್ಯವಸ್ಥೆ, ಸೆರಾ ಅಥವಾ ಡ್ರೆಪುಂಗ್ ಮಠಕ್ಕೆ ಕಾಣಿಕೆ ಕಳಿಸುವುದು, ಅಂತ್ಯಕ್ರಿಯೆಯ ಖರ್ಚಿಗೆ ಹಣ ಕೂಡಿಸುವುದು ಎಲ್ಲವೂ ಅಲ್ಲಿಂದಲೇ ನಡೆಯುತ್ತದೆ. ಸಾವಿನ ಸಂದರ್ಭದಲ್ಲಿ ಬೈಲಕುಪ್ಪೆಯಿಂದ ಹತ್ತಿರದವರು ಹೋಗಬೇಕಾದರೆ ವೀಸಾ ಅರ್ಜಿಯ ಜೊತೆಗೆ ಇಡಲು ಪ್ರತಿನಿಧಿ ಕಚೇರಿಯಿಂದ ಪತ್ರ ಕೇಳಬಹುದು. ಆ ಪತ್ರವನ್ನು ಸಂಘದ ಅಧ್ಯಕ್ಷರ ಮೂಲಕ ಕೇಳಿದರೆ ಬೇಗ ಆಗುತ್ತದೆ, ಏಕೆಂದರೆ ಕಚೇರಿಯವರಿಗೆ ನಿಮ್ಮ ಮುಖ ಗೊತ್ತಿಲ್ಲದಿದ್ದರೂ ಅಧ್ಯಕ್ಷರ ದನಿ ಗೊತ್ತಿರುತ್ತದೆ.

ಹೆಜ್ಜೆ 6: ಪತ್ರ ಕೇಳುವ ಕ್ರಮ

ಕಚೇರಿಯಲ್ಲಿ ಸಿಬ್ಬಂದಿ ಕಡಿಮೆ. ‘ಒಂದು ಲೆಟರ್ ಬೇಕು’ ಎಂದಷ್ಟೇ ಬರೆದರೆ ಅವರು ಮತ್ತೆ ಕೇಳಬೇಕು, ನೀವು ಮತ್ತೆ ಬರೆಯಬೇಕು, ವಾರಗಳು ಉರುಳುತ್ತವೆ. ಪತ್ರ ಯಾವ ಇಲಾಖೆಗೆ, ಯಾವ ಸಂಗತಿಯನ್ನು ದೃಢಪಡಿಸಲು, ಯಾವ ದಿನಾಂಕದೊಳಗೆ ಬೇಕು ಎಂಬುದನ್ನು ಮೊದಲ ಸಲವೇ ಬರೆಯಿರಿ. ಹಸಿರು ಪುಸ್ತಕ, ಐಸಿ ಅಥವಾ ಪಾಸ್‌ಪೋರ್ಟ್, ಹೆಸರಿನ ಅಫಿಡವಿಟ್, ಆ ದೇಶದ ಇಲಾಖೆಯಿಂದ ಬಂದ ನೋಟಿಸ್, ಇವುಗಳ ಪ್ರತಿಗಳನ್ನು ಜೊತೆಗೆ ಕಳುಹಿಸಿ. ಟಿಬೆಟಿಯನ್ ಮೂಲದ ದೃಢೀಕರಣ, ಹೆಸರು ಮತ್ತು ಜನ್ಮದಿನಾಂಕದ ವ್ಯತ್ಯಾಸದ ವಿವರಣೆ, ಕುಟುಂಬ ಸಂಬಂಧ, ಮಠದಲ್ಲಿ ಅಥವಾ ಟಿಬೆಟಿಯನ್ ಶಾಲೆಯಲ್ಲಿ ಕಲಿತ ಬಗ್ಗೆ ಮಾಹಿತಿ, ಸಾಮಾನ್ಯವಾಗಿ ಜನ ಕೇಳುವ ಪತ್ರಗಳು ಇವು. ಮಠ ಮತ್ತು ಶಾಲೆಯ ವಿಷಯಕ್ಕೆ ಮೂಲ ದೃಢೀಕರಣ ಮುಂಡಗೋಡಿನಿಂದಲೋ ಬೈಲಕುಪ್ಪೆಯಿಂದಲೋ ಬರಬೇಕಾದ್ದರಿಂದ ಊರಿನಲ್ಲಿ ಒಬ್ಬರನ್ನು ಅದಕ್ಕೆ ಓಡಾಡಲು ಗೊತ್ತುಮಾಡಿಟ್ಟುಕೊಳ್ಳಿ.

ಆಶ್ರಯ ಕೋರಿಕೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ಕಟುವಾಗಿ ಕೇಳಿಸಬಹುದು. ಎಲ್ಲಿ ಹುಟ್ಟಿದೆ, ಎಲ್ಲಿ ಬೆಳೆದೆ, ಯಾವ ದಾರಿಯಲ್ಲಿ ಬಂದೆ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ. ‘ಹೀಗೆ ಹೇಳಿದರೆ ಬೇಗ ಸಿಗುತ್ತದೆ’ ಎಂದು ಕಥೆ ಕಟ್ಟಿಕೊಡುವ ಏಜೆಂಟರು ಇಲ್ಲಿಯೂ ಇದ್ದಾರೆ, ಅಲ್ಲಿಯೂ ಇದ್ದಾರೆ. ನಮಗೆ ಗೊತ್ತಿದ್ದ ಮನೆಯೊಂದು ಜೋಳದ ಬೆಳೆ ಮತ್ತು ಸ್ವೆಟರ್ ವ್ಯಾಪಾರದಿಂದ ಕೂಡಿಟ್ಟ ಹಣವನ್ನೆಲ್ಲ ಅಂಥ ಏಜೆಂಟನೊಬ್ಬನ ಕೈಗೆ ಕೊಟ್ಟಿತು. ಹುಡುಗನ ಹೇಳಿಕೆಗೂ ದಾಖಲೆಗೂ ತಾಳೆಯಾಗದೆ ಅರ್ಜಿ ತಿರಸ್ಕೃತವಾಯಿತು. ಪ್ರತಿನಿಧಿ ಕಚೇರಿ ಸುಳ್ಳಿಗೆ ಸಾಕ್ಷಿ ಹಾಕಿದರೆ ಮುಂದೆ ಬರುವ ನೂರು ಮಂದಿಯ ನಿಜವಾದ ಪತ್ರವನ್ನೂ ಯಾರೂ ನಂಬುವುದಿಲ್ಲ. ಅವರು ಸಾಧ್ಯವಿಲ್ಲ ಎಂದಾಗ ಕೋಪ ಮಾಡಿಕೊಳ್ಳದೆ, ಆ ದೇಶದಲ್ಲಿ ಪರವಾನಗಿಯಿರುವ ವಲಸೆ ವಕೀಲರ ಹೆಸರು ಕೇಳಿ ಪಡೆಯಿರಿ.

ಹೆಜ್ಜೆ 7: ಮಕ್ಕಳ ಭಾಷೆ ಮತ್ತು ಹಿರಿಯರ ಮತ

ಬಹುತೇಕ ಸಂಘಗಳು ವಾರಾಂತ್ಯದ ಶಾಲೆ ನಡೆಸುತ್ತವೆ. ಬಾಡಿಗೆಯ ಸಭಾಂಗಣ, ಮಡಚುವ ಕುರ್ಚಿ, ಪಾಠ ಹೇಳುವವರು ವಾರವಿಡೀ ಆಸ್ಪತ್ರೆಯಲ್ಲೋ ಹೋಟೆಲಿನಲ್ಲೋ ದುಡಿದು ಬಂದ ತಾಯಂದಿರು. ಟಿಬೆಟಿಯನ್ ಅಕ್ಷರಮಾಲೆಯ ಮೊದಲ ಸಾಲನ್ನು ಮಕ್ಕಳು ‘ಕ, ಖ, ಗ, ಙ’ ಎಂದು ಒಟ್ಟಿಗೆ ಹೇಳುವುದನ್ನು ಕೇಳಿದರೆ ಕನ್ನಡದ ಕಿವಿಗೆ ಅದು ಹೊಸತೆನಿಸುವುದಿಲ್ಲ. ಎರಡು ಲಿಪಿಗಳೂ ಬ್ರಾಹ್ಮಿಯ ಮನೆತನದವೇ. ಬೈಲಕುಪ್ಪೆಯಲ್ಲಿ ಕನ್ನಡ ಕಲಿತ ಪೋಷಕರು ಈ ಹೋಲಿಕೆಯನ್ನು ಮಕ್ಕಳಿಗೆ ತೋರಿಸಿಕೊಡಬಹುದು. ಶಾಲೆಗೆ ಪಠ್ಯಪುಸ್ತಕ ಬೇಕಾದರೆ, ಹೊಸ ಶಾಲೆ ತೆರೆಯಬೇಕಾದರೆ ಪ್ರತಿನಿಧಿ ಕಚೇರಿಯ ಮೂಲಕ ಧರ್ಮಶಾಲೆಯ ಶಿಕ್ಷಣ ಇಲಾಖೆಗೆ ಬರೆಯಬೇಕು.

ಮತದಾನದ ವಿಷಯ. ನಿರ್ವಾಸಿತ ಸಂಸತ್ತಿನಲ್ಲಿ 45 ಸ್ಥಾನಗಳಿವೆ: ಟಿಬೆಟಿನ ಮೂರು ಪ್ರಾಂತ್ಯಗಳಿಗೆ ಹತ್ತು ಹತ್ತು, ಬೋನ್ ಸೇರಿ ಐದು ಧಾರ್ಮಿಕ ಪರಂಪರೆಗಳಿಗೆ ಎರಡೆರಡು, ಉತ್ತರ ಅಮೆರಿಕಕ್ಕೆ ಎರಡು, ಯುರೋಪಿಗೆ ಎರಡು, ಆಸ್ಟ್ರೇಲಿಯಾ ಮತ್ತು ಏಷ್ಯಾದ ಉಳಿದ ಭಾಗಕ್ಕೆ ಒಂದು. ಹದಿನೆಂಟು ತುಂಬಿದವರು ಐದು ವರ್ಷಕ್ಕೊಮ್ಮೆ ಸಿಕ್ಯೊಂಗ್ ಅವರನ್ನೂ ತಮ್ಮ ಪ್ರದೇಶದ ಸದಸ್ಯರನ್ನೂ ಆರಿಸುತ್ತಾರೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅವಧಿ ಮತದಾನಕ್ಕಿಂತ ಬಹಳ ಮೊದಲೇ ಮುಗಿಯುತ್ತದೆ, ಮತ್ತು ಛಾಟ್ರೆಲ್ ಬಾಕಿಯಿದ್ದರೆ ಹೆಸರು ಸೇರುವುದಿಲ್ಲ. ಚುನಾವಣೆ ಪ್ರಾಥಮಿಕ ಮತ್ತು ಅಂತಿಮ ಎಂದು ಎರಡು ಸುತ್ತಿನಲ್ಲಿ ನಡೆಯುವುದರಿಂದ (2021ರಲ್ಲಿ ಜನವರಿ 3 ಮತ್ತು ಏಪ್ರಿಲ್ 11ರಂದು ನಡೆದಂತೆ) ಎರಡೂ ದಿನ ರಜೆ ಹೊಂದಿಸಿಕೊಳ್ಳಿ.

ನೀವು ನೆಲೆಸಿದ ದೇಶದ ಪ್ರಜೆಯಾದ ಮೇಲೆ ಅಲ್ಲಿನ ಜನಪ್ರತಿನಿಧಿಗಳನ್ನು ಕಾಣುವ ಹಕ್ಕೂ ನಿಮ್ಮದಾಗುತ್ತದೆ. ಕಚೇರಿಯ ಕೆಲಸದ ದೊಡ್ಡ ಭಾಗ ಇದೇ. ಅಮೆರಿಕದಲ್ಲಿ 2002ರ ಟಿಬೆಟ್ ನೀತಿ ಕಾಯ್ದೆಯಿಂದ 2024ರ ಜುಲೈನಲ್ಲಿ ಸಹಿಯಾದ ಕಾಯ್ದೆಯವರೆಗಿನ ದಾರಿಯಲ್ಲಿ ತಮ್ಮ ಕ್ಷೇತ್ರದ ಸದಸ್ಯರ ಬಾಗಿಲಿಗೆ ಹೋಗಿ ಮಾತಾಡಿದ ಸಾಮಾನ್ಯ ಟಿಬೆಟಿಯನ್ನರ ಪಾಲು ಚಿಕ್ಕದಲ್ಲ. ಹೇಗೆ ಸಮಯ ಕೇಳಬೇಕು, ಏನು ಹೇಳಬೇಕು ಎಂಬುದನ್ನು ಕಚೇರಿಯವರು ಕಲಿಸಿಕೊಡುತ್ತಾರೆ.

ಹೆಜ್ಜೆ 8: ಊರಿಗೆ ಮರಳಿ ಬರುವಾಗ

ಕೆನಡಾದ ಅಥವಾ ಸ್ವಿಟ್ಜರ್‌ಲೆಂಡಿನ ಪಾಸ್‌ಪೋರ್ಟ್ ಪಡೆದ ಮೇಲೆ ತಾನು ಹುಟ್ಟಿದ ಕ್ಯಾಂಪಿಗೇ ಬರಲು ಅನುಮತಿ ಬೇಕೆಂದರೆ ಹಲವರಿಗೆ ನಂಬಿಕೆಯಾಗುವುದಿಲ್ಲ, ಕೆಲವರಿಗೆ ಕಣ್ಣೀರೇ ಬರುತ್ತದೆ. ಆದರೆ ನಿಯಮ ಹಾಗಿದೆ. ಕರ್ನಾಟಕದ ಟಿಬೆಟಿಯನ್ ವಸತಿಗಳಲ್ಲಿ ತಂಗಲು ವಿದೇಶಿ ಪ್ರಜೆಗಳಿಗೆ, ಅವರು ಟಿಬೆಟಿಯನ್ನರೇ ಆಗಿದ್ದರೂ, ಭಾರತದ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು. ಎಲ್ಲರೂ ‘ಪಿಎಪಿ’ ಎನ್ನುವುದು ಇದನ್ನೇ. ವೀಸಾ ಬೇರೆ, ಇದು ಬೇರೆ. ಎರಡೂ ಕೈಯಲ್ಲಿರಬೇಕು. ಅರ್ಜಿಯನ್ನು ದೆಹಲಿ ಬ್ಯೂರೋದ ಮೂಲಕ ಸಲ್ಲಿಸುವ ಪದ್ಧತಿಯಿದೆ. ತಂಗುವ ಮನೆಯ ವಿಳಾಸ, ಸಂಬಂಧ, ದಿನಗಳು ಸ್ಪಷ್ಟವಾಗಿರಬೇಕು, ಮತ್ತು ಬಂದ ಮೇಲೆ ಆ ದಿನಗಳನ್ನು ಮೀರಬಾರದು. ಮನೆಯವರು ಇಲ್ಲಿನ ಸೆಟ್ಲ್‌ಮೆಂಟ್ ಕಚೇರಿಗೂ ಮೊದಲೇ ತಿಳಿಸಿಡಲಿ.

ಕೈಗೆ ಪರವಾನಗಿ ಸಿಗಲು ತಿಂಗಳುಗಟ್ಟಲೆ ಬೇಕಾಗುತ್ತದೆ. ಮಕ್ಕಳು ಬರುತ್ತಾರೆಂದು ಆಮಾ-ಲಾಗಳು ಖಬ್ಸೆ ಕರಿಯಲು ಎಣ್ಣೆ, ಮೈದಾ ತಂದಿಟ್ಟುಕೊಂಡು ಕಾಯುತ್ತಾರೆ, ಕಾಗದ ದೆಹಲಿಯಲ್ಲೇ ಉಳಿದಿರುತ್ತದೆ. ಟಿಬೆಟಿಯನ್ ಹೊಸ ವರ್ಷ ಲೋಸಾರ್ ಬರುವುದು ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ. ಆ ಹೊತ್ತಿಗೆ ಮನೆ ಸೇರಬೇಕೆನ್ನುವವರು ಮೈಸೂರಿನಲ್ಲಿ ದಸರೆ ನಡೆಯುವ ಹೊತ್ತಿಗೇ ಅರ್ಜಿ ಹಾಕಿಬಿಡಬೇಕು.